ಅತ್ತೆ ಕಲಿಸಿದ ಮಾತು

ನಮ್ಮತ್ತೆಗೆ ಮರಾಠಿ ಓದಲು ಬಾರದು, ಆಡಲೂ ಅಷ್ಟಕ್ಕಷ್ಟೆ. ತವರು ಗುಂಜೋಟಿ, ಬಾಳಿದ್ದು ಉದಗೀರದ ಪೇಟೆ. ಅಂಗಡಿಯಲ್ಲಿ ಮರಾಠಿ, ಒಳಗೆ ಕನ್ನಡ ಎಂದು ಹಂಚಿಕೊಂಡ ಮನೆ ನಮ್ಮದು. ಬೆಳಿಗ್ಗೆ ಮಾವನವರು ಮರಾಠಿ ಪೇಪರನ್ನು ಕನ್ನಡ ಮಾಡಿ ಓದುತ್ತಿದ್ದರು, ಅತ್ತೆ ಜೋಳ ಹಸನು ಮಾಡುತ್ತ ಕೇಳುತ್ತಿದ್ದರು. ಮಾವ ತೀರಿಕೊಂಡ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. "ಪೇಪರಿನ್ಯಾಗ ಬಂದದ ಅಂದ್ರ ಖರೇನ ಇರ್ತದ" ಎನ್ನುತ್ತಿದ್ದರು ಅತ್ತೆ. ಸೊಸೆಯ ಮಾತಿನ ಮೇಲೆ ಅಷ್ಟು ನಂಬಿಕೆ ಎಂದೂ ಇಟ್ಟವರಲ್ಲ.

ಪೇಟೆಯವರೆಲ್ಲ ಹಳೆಯ ವಾಡೆ ಕೆಡವಿ ಟೈಲ್ಸಿನ ಮನೆ ಕಟ್ಟಿಸತೊಡಗಿದಾಗ, ಟೈಲ್ಸ್ ಕೂರಿಸಲು ಬಂಗಾಳದ ಕಡೆಯವರು ಬಂದರು. ಅವರಲ್ಲಿ ಒಂದು ಜೋಡಿ ಗಂಡ ಹೆಂಡತಿಗೆ ನಮ್ಮ ಹಿಂದಿನ ಖೋಲಿ ಬಾಡಿಗೆಗೆ ಕೊಟ್ಟೆವು. ಗಂಡ ಹಗಲೆಲ್ಲ ಕೆಲಸದಲ್ಲಿ, ಹೆಂಡತಿ, ಇನ್ನೂ ಹುಡುಗಿ, ಅತ್ತೆಯ ಬೆನ್ನ ಹಿಂದೆ. ರೊಟ್ಟಿ ಬಡಿಯುವುದು ಕಲಿತಳು, ಜೊತೆಗೆ ಮಾತೂ ಕಲಿತಳು. ಮರಾಠಿ ಹತ್ತಲಿಲ್ಲ. ಹತ್ತಿದ್ದು ಅತ್ತೆಯ ಕನ್ನಡ, ಅದೇ ರಾಗ, ಅದೇ ಗದರಿಕೆ. "ಶಿವನೇ, ಒಬ್ಬರು ಸಾಲದೆಂದು ಇಬ್ಬರು ಅತ್ತೆಯರನ್ನು ಕೊಟ್ಟೆಯಾ" ಎಂದು ನಾನು ಕಾಡಿಸುತ್ತಿದ್ದೆ. ಆಕೆ ಬಸುರಿಯಾದಾಗ ಅತ್ತೆ, "ಬಾಣಂತನ ನಾನೇ ಮಾಡ್ತೀನಿ, ನೀ ಎಲ್ಲೀಗೂ ಹೋಗಬ್ಯಾಡ" ಎಂದು ಹಳೆಯ ಸೀರೆ ಹರಿದು ಬಟ್ಟೆ ಸಿದ್ಧ ಮಾಡಿಟ್ಟರು.

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಪೇಟೆಗೆ ಪೇಟೆಯೇ ಬಾಗಿಲು ಹಾಕಿ, ಭಜ್ಜಿ ಅಂಬಲಿ ಉಣ್ಣಲು ಹೊಲಕ್ಕೆ ಹೋಗುತ್ತದೆ. ನಾವೂ ಹೋದೆವು. ತುಂಬು ಬಸುರಿಗೆ ಟಂಟಂ ಗಾಡಿಯ ಕುಲುಕಾಟ ಬೇಡವೆಂದು ಆಕೆಯನ್ನು ಮನೆಯಲ್ಲೇ ಬಿಟ್ಟೆವು. ಅಂದೇ ಫೋನಿನಲ್ಲಿ ಸುದ್ದಿ ನಡೆಸುವ ಒಬ್ಬ ಮೈಕು ಹಿಡಿದು ಓಣಿಗೆ ಬಂದ. ಪರಜಿಲ್ಲೆಯವನು, ಹಬ್ಬ ಗೊತ್ತಿಲ್ಲ, ಕನ್ನಡ ಗೊತ್ತಿಲ್ಲ. ಬಾಗಿಲು ತಟ್ಟಿದ. ಆಕೆ ತೆರೆದು ಅತ್ತೆಯ ಹಾಗೆಯೇ ಉಪಚರಿಸಿದಳು: "ಬರ್ರೀ ಯಣ್ಣಾ, ನೀರು ಕುಡೀರಿ. ಮನ್ಯಾಗ ಯಾರೂ ಇಲ್ರೀ, ಹೊಲಕ್ಕ ಹೋಗ್ಯಾರ."

ಸಂಜೆಗೆ ಅವನು ತೆಗೆದ ವಿಡಿಯೊ ಊರಿನ ಎಲ್ಲ ಫೋನುಗಳಲ್ಲಿತ್ತು. ಊರವರು ಬಿಟ್ಟುಹೋದ ಖಾಲಿ ಓಣಿ, ಬೀಗ ಬಿದ್ದ ಮನೆಗಳು, ಅರ್ಥವಾಗದ ಪರದೇಶಿ ಭಾಷೆಯಾಡುವ ನುಸುಳುಕೋರರು ಎಂದು ಅವನ ವಿವರಣೆ. ನಿಲಂಗಾದ ನಮ್ಮ ಬಳಗದವರೂ ಕಳಿಸಿದ್ದರು. ಮನೆಯಲ್ಲಿ ಕನ್ನಡವನ್ನೇ ಆಡುವವರು, ಧ್ವನಿ ಕೇಳದೆ ತಲೆಬರಹ ಓದಿ ಮುಂದಕ್ಕೆ ದಬ್ಬಿದ್ದರು. ಅತ್ತೆ ಫೋನನ್ನು ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳಿದರು. "ಇದು ನಮ್ಮ ಮಾತ ಅದ ಅಲ್ಲ! ಸುದ್ದ್ಯಾಗ ಹಿಂಗ್ಯಾಕ ಹೇಳ್ಲಿಕತ್ತಾನ?"

ನಾನು ಅವನಿಗೆ ಫೋನು ಮಾಡಿ ಬೈದೆ. ಅದು ಕನ್ನಡ, ನಮ್ಮ ಮನೆಯ ಮಾತು ಎಂದೆ. ನೋಡೋಣ, ತಿದ್ದಿ ಹಾಕೋಣ ಎಂದು ಮರಾಠಿಯಲ್ಲಿ ನಗುತ್ತ ಹೇಳಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಿದ್ದುಪಡಿ ಬರಲೇ ಇಲ್ಲ. ಗುತ್ತಿಗೆದಾರನು ಹುಡುಗಿಯ ಗಂಡನನ್ನು ಕೆಲಸದಿಂದ ಬಿಡಿಸಿದ, ಓಣಿಯ ಬಾಯಿಯಲ್ಲಿ ಗಂಡಸರು ಗುಂಪು ಕೂಡತೊಡಗಿದರು. ಒಂದು ಬೆಳಿಗ್ಗೆ ಇಬ್ಬರೂ ಗಂಟು ಕಟ್ಟಿಕೊಂಡು ಅಂಗಳದಲ್ಲಿ ನಿಂತಿದ್ದರು.

"ಆಯೀ, ನಾ ತಪ್ಪೇನು ಆಡಿದ್ನಿ?" ಎಂದಳು ಹುಡುಗಿ. ಅತ್ತೆ ಬಾಣಂತನಕ್ಕೆಂದು ಹರಿದಿಟ್ಟ ಬಟ್ಟೆಗಳನ್ನು ಆಕೆಯ ಕೈಗಿಟ್ಟರು.

ಎಲ್ಲಿಗೆ ಹೋದರೋ ತಿಳಿಯದು. ಫೋನು ಹತ್ತುತ್ತಿಲ್ಲ. ಹೆರಿಗೆ ಎಲ್ಲಿ ಆಯಿತು, ಯಾರು ನೀರು ಹಾಕಿದರು, ಕೂಸು ಉಳಿಯಿತೇ, ಒಂದೂ ಗೊತ್ತಿಲ್ಲ. ಹಾಡುಹಗಲೇ ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿ ಎದ್ದು ಹೋಗುತ್ತೇನೆ. ಬೀಗ ಹಾಗೇ ಇರುತ್ತದೆ. ನನಗೆ ಹೆದರಿಕೆಯಾಗುತ್ತದೆ. ಅತ್ತೆಗೂ ಕೇಳಿಸುತ್ತದೆಯೇ ಎಂದು ಕೇಳುವ ಧೈರ್ಯ ಬಂದಿಲ್ಲ. ಪೇಪರು ಓದು ಎಂದು ಅವರು ಈಗ ಹೇಳುವುದಿಲ್ಲ.

ಮೊನ್ನೆ ಬಾಗಿಲು ಬಡಿದ ಸದ್ದಾಯಿತು. ಅತ್ತೆ ಅಗಳಿ ತೆಗೆಯದೆ, ಸಂದಿಯಿಂದಲೇ, "ಕೋಣ್ ಆಹೇ?" ಎಂದು ವಿಚಾರಿಸಿದರು. ಹೊರಗೆ ನಿಂತಿದ್ದವರು ಅವರ ಒಡಹುಟ್ಟಿದ ತಮ್ಮ.

"ಅಕ್ಕಾ, ನಾನಽ ಇದೀನಿ. ಇದೇನ, ನನ್ನ ಜೋಡಿ ಮರಾಠಿ?" ಎಂದು ಅವರು ನಕ್ಕರು.

ಅತ್ತೆ ಬಾಗಿಲು ತೆರೆದು, ಮೊದಲು ಅವರ ಬೆನ್ನ ಹಿಂದಿನ ಓಣಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳಿದರು: "ಒಳಗ ಬಾ. ಬಾಗಲಾ ಹಾಕಿ ಮಾತಾಡು."