ರೊಪ್ಪೊಂಗಿಯಲ್ಲಿ ಹಾಲುತುಪ್ಪ

ನಾನು ಜಪಾನಿನಲ್ಲಿ ಎರಡು ವರ್ಷ ಇದ್ದು ಬಂದವಳೆಂದು ತಿಳಿದ ಕೂಡಲೇ ಜನ ಚೆರ್ರಿ ಹೂವಿನ ಬಗ್ಗೆ ಕೇಳುತ್ತಾರೆ. ನಾನು ಹೂ ನೋಡಿದ್ದು ಕಡಿಮೆ. ನಾವಿದ್ದದ್ದು ಟೋಕಿಯೋದ ರೊಪ್ಪೊಂಗಿ ಎಂಬ ಪೇಟೆಯಲ್ಲಿ. ಹಗಲು ಅಲ್ಲಿ ದೊಡ್ಡ ದೊಡ್ಡ ಕಂಪನಿಗಳ ವ್ಯವಹಾರ. ಸಂಜೆಯಾದರೆ ಲೋಕದ ಎಲ್ಲ ಬಣ್ಣದ ಜನ ಕುಡಿಯುವುದಕ್ಕೆ, ಕುಣಿಯುವುದಕ್ಕೆ ಅಲ್ಲಿಗೇ ಬಂದು ಸೇರುತ್ತಿದ್ದರು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಯಜಮಾನರನ್ನು ಅವರ ಕಂಪನಿ ಅಲ್ಲಿನ ಕಚೇರಿಗೆ ಕಳಿಸಿತು; ಮನೆಯನ್ನೂ ಕಚೇರಿಯ ಬೆನ್ನಿಗೇ ಕೊಟ್ಟಿತು. ಎಂಥ ಬಡಾವಣೆಯಮ್ಮ ಅದು ಎಂದು ಅತ್ತೆಯವರು ಕೇಳಿದಾಗ, "ನಮ್ಮ ಮಲ್ಲೇಶ್ವರದ ಹಾಗೇ ಅತ್ತೆ, ದೀಪ ಸ್ವಲ್ಪ ಜಾಸ್ತಿ" ಎಂದಿದ್ದೆ.

ರೊಪ್ಪೊಂಗಿ ಎಂದರೆ ಆರು ಮರ ಎಂದರ್ಥವಂತೆ. ಆ ಮರಗಳು ಯಾವುವು, ಎಲ್ಲಿದ್ದವು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಿದ್ದರು. ನಾನು ಹೆಚ್ಚು ಕೆದಕಲಿಲ್ಲ. ಬಂಗಾರಪೇಟೆಯಲ್ಲಿ ಹುಟ್ಟಿದವಳು ಊರಿಗೂ ಅದರ ಹೆಸರಿಗೂ ತಾಳೆ ಹಾಕಿ ನೋಡುವ ಚಟವನ್ನು ಬೇಗ ಬಿಡುತ್ತಾಳೆ. ನಮ್ಮ ಪೇಟೆಯಲ್ಲಿ ಬಂಗಾರವಿಲ್ಲ, ರೈಲು ಬದಲಾಯಿಸುತ್ತಾರೆ. ಬಂಗಾರವಿದ್ದದ್ದು ಅತ್ತ ಕೆ.ಜಿ.ಎಫ್.ನಲ್ಲಿ, ಅದೂ ನೆಲದೊಳಗೆ, ಅದೂ ನಮ್ಮ ಕೈಗೆ ಸಿಕ್ಕದ ಹಾಗೆ. ಇನ್ನು ಪಕ್ಕದ ಬೂದಿಕೋಟೆಯಲ್ಲಿ ಒಲೆಯೊಳಗಲ್ಲದೆ ಬೇರೆಲ್ಲೂ ನಾನು ಬೂದಿ ಕಂಡವಳಲ್ಲ.

ಮೋಜಿನ ಪೇಟೆಯ ಬೆಳಗು ಮದುವೆಯ ಮರುದಿನದ ಛತ್ರದಂತೆ ಇರುತ್ತದೆ. ಯಾರೋ ಬಿಟ್ಟುಹೋದ ಛತ್ರಿ, ಬಾಟಲಿಗಳು, ಮೆಟ್ಟಿಲ ಮೇಲೆ ಕೋಟು ಟೈ ಸಮೇತ ಕುಳಿತೇ ನಿದ್ದೆಹೋದ ಮಹನೀಯರು. ಆ ಹೊತ್ತಿನಲ್ಲಿ ನಾನು ತರಕಾರಿಗೆ ಹೊರಡುತ್ತಿದ್ದೆ. ಹಾಗೊಂದು ದಿನ ಹಿಂದಿನ ಓಣಿಯಲ್ಲಿ, ಅರ್ಧಕ್ಕೇ ಸಿಕ್ಕಿಕೊಂಡ ಅಂಗಡಿ ಷಟರ್ ಒಂದನ್ನು ಎತ್ತಲು ಹೆಣಗುತ್ತಾ ಯಾರೋ ಅಂದದ್ದು ಕಿವಿಗೆ ಬಿತ್ತು: "ಬಾರ್ಲಾ ಮ್ಯಾಕೆ, ನಿನ್ ಮನೆ ಎಕ್ಕುಟ್ಟೋಗ!"

ನಿಂತುಬಿಟ್ಟೆ. ಬಯ್ಗುಳ ಕೇಳಿ ಕಣ್ಣಲ್ಲಿ ನೀರು ಬಂದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ.

"ಯಾವೂರಪ್ಪ ನಿಮ್ಮದು?" ಎಂದೆ.

ಷಟರು ಅವನ ಕೈಯಿಂದ ಜಾರಿ ಧಡಾರನೆ ಕೆಳಗೆ ಬಿತ್ತು. "ಬೂದಿಕೋಟೆ ಕಣಕ್ಕಾ," ಎಂದ. "ನಿಮ್ದು?"

ಅವನ ಹೆಸರು ನಾರಾಯಣಸ್ವಾಮಿ. ಆ ಷಟರಿನ ಹಿಂದಿದ್ದ ಇಂಡಿಯನ್ ಹೋಟೆಲಿನ ಅಡುಗೆಯವನು; ಮೂವತ್ತರ ಆಸುಪಾಸು. ಅವನ ತಂದೆ ಮುನಿಶಾಮಪ್ಪ ಕೆ.ಜಿ.ಎಫ್.ನ ಮೈಸೂರು ಮೈನ್ಸಿನಲ್ಲಿ ಸುರಂಗಕ್ಕಿಳಿದು ದುಡಿದವರು. ಕೆಲಸ ಮುಗಿದ ಮೇಲೆ ಬೂದಿಕೋಟೆಯ ಹೊಲ, ಎರಡು ಹಸು ನೋಡಿಕೊಂಡಿದ್ದರು. ನಾರಾಯಣಸ್ವಾಮಿ ಗಣಿಯ ಅಧಿಕಾರಿಗಳ ಮೆಸ್ಸಿನಲ್ಲಿ ಅಡುಗೆ ಕಲಿತು, ಮದರಾಸಿನ ಹೋಟೆಲುಗಳಲ್ಲಿ ಪಳಗಿ, ಅಲ್ಲಿಂದ ಯಾರೋ ಕರೆದರೆಂದು ಟೋಕಿಯೋಗೆ ಬಂದಿದ್ದ. ಕನ್ನಡದಲ್ಲಿ ಶುರುಮಾಡಿದ ಮಾತನ್ನು ತೆಲುಗಿನಲ್ಲಿ ಬೆಳೆಸಿ ತಮಿಳಿನಲ್ಲಿ ಮುಗಿಸುತ್ತಿದ್ದ. ನಾನೂ ಹಾಗೇ ಬೆಳೆದವಳಾದ್ದರಿಂದ ಅಂಥ ಮಾತು ಕೇಳಿದರೆ ತವರಿಗೆ ಹೋಗಿಬಂದಷ್ಟು ಸುಖವಾಗುತ್ತಿತ್ತು.

ಕೆಲವು ತಿಂಗಳಾದ ಮೇಲೆ ಅವನಿಗೊಂದು ನೋವಿದೆಯೆಂದು ತಿಳಿಯಿತು. ಹಡಗಿನಲ್ಲಿ ಕೆಲಸ ಮಾಡಿಬಂದ ಕೆ.ಜಿ.ಎಫ್.ನವನೊಬ್ಬ ಬಂಗಾರಪೇಟೆಯ ಟೀ ಅಂಗಡಿಯಲ್ಲಿ ಕುಳಿತು ರೊಪ್ಪೊಂಗಿಯನ್ನು ಬಣ್ಣಿಸಿದ್ದನಂತೆ: ಬಾಗಿಲು ಬಾಗಿಲಿಗೂ ಹೆಂಡ, ಬಾಗಿಲು ಬಾಗಿಲಿಗೂ ಕುಣಿತ. ಮುನಿಶಾಮಪ್ಪನವರು ಜೀವಮಾನದಲ್ಲಿ ಹೆಂಡ ಮುಟ್ಟಿದವರಲ್ಲ. ಗಣಿಯ ಎಷ್ಟೋ ಸಂಸಾರಗಳು ಕುಡಿತದಿಂದ ಹಾಳಾದದ್ದನ್ನು ಕಣ್ಣಾರೆ ಕಂಡವರು. ಮಗ ಕುಡುಕರ ಬೀದಿಯಲ್ಲಿ ಒಲೆ ಊದುತ್ತಿದ್ದಾನೆ ಎಂದು ಕೇಳಿದ ದಿನದಿಂದ ಅವನ ಹೆಸರೆತ್ತುವುದನ್ನೇ ಬಿಟ್ಟರು. ತಿಂಗಳಿಗೊಮ್ಮೆ ಬಂಗಾರಪೇಟೆಯ ಫೋನ್ ಬೂತಿಗೆ ತಾಯಿ ಬರುತ್ತಿದ್ದರು, ತಮ್ಮ ಕೃಷ್ಣಪ್ಪ ಬರುತ್ತಿದ್ದ, ತಂದೆ ಬರುತ್ತಿರಲಿಲ್ಲ.

"ಒಂದ್ಸಲ ಬಂದು ಬೈದ್ರೂ ಸಾಕಿತ್ತು ಅಕ್ಕಾ," ಎನ್ನುತ್ತಿದ್ದ. "ಬೈಯಾಕೂ ಬರಾಕಿಲ್ಲ ಅಂತಾರೆ."

ಹೋಟೆಲಿಗೆ ಮನೆಯವರ ಫೋನು ಬಂದರೆ ಮಾಲೀಕ ಸಿಡುಕುತ್ತಿದ್ದನೆಂದು ನಮ್ಮ ಮನೆಯ ನಂಬರನ್ನೇ ಊರಿಗೆ ಕೊಟ್ಟಿದ್ದೆವು. ಹಾಗಾಗಿ ಆ ಸುದ್ದಿ ಮೊದಲು ಬಂದದ್ದು ನನ್ನ ಕಿವಿಗೆ. ಕೃಷ್ಣಪ್ಪನ ದನಿ ಬಾವಿಯೊಳಗಿಂದ ಬಂದಂತಿತ್ತು. "ಅಪ್ಪ ಓಗ್ಬುಟ್ರು ಅಕ್ಕಾ. ಮಣ್ಣೂ ಆಯ್ತು. ಅಣ್ಣಂಗೆ ಓಡ್ಬರ್ಬೇಡ ಅನ್ನಿ, ಬಂದ್ರೂ ಮುಖ ಸಿಕ್ಕಾಕಿಲ್ಲ. ನಾಡಿದ್ದು ಆಲುತುಪ್ಪ." ಲೈನು ಕಡಿದುಹೋಯಿತು.

ಹೋಟೆಲಿನ ಹಿಂಬಾಗಿಲಿಗೆ ಹೋದೆ. ನಾರಾಯಣಸ್ವಾಮಿ ಹಿಟ್ಟು ನಾದುತ್ತಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಒಂದೂ ಬೇಕಾಗಲಿಲ್ಲ. ನನ್ನ ಮುಖ ನೋಡಿದವನೇ, "ಅಪ್ಪಾನಾ?" ಎಂದ.

ತಲೆಯಾಡಿಸಿದೆ. ಅವನು ಕೈ ತೊಳೆದುಕೊಂಡ. ಒಲೆ ಆರಿಸಿದ. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿದ. ಆಮೇಲೆ ಮೂಟೆಯೊಂದರ ಮೇಲೆ ಕುಳಿತು ಕೇಳಿದ: "ನನ್ ಕೇಳಿದ್ರಂತಾ, ಕೊನೇಗೆ?"

ಹೌದು ಎಂದುಬಿಡುವುದು ಸುಲಭವಿತ್ತು. ಆದರೆ ಅವನು ನನ್ನ ಕಣ್ಣನ್ನೇ ನೋಡುತ್ತಿದ್ದ. "ಕೃಷ್ಣಪ್ಪ ಅದೇನೂ ಹೇಳಲಿಲ್ಲ ನಾರಾಯಣ. ಲೈನು ಕಟ್ಟಾಯಿತು," ಎಂದೆ.

"ಕೇಳಿರಾಕಿಲ್ಲ ಬಿಡಿ," ಎಂದು ಮುಖ ಮುಚ್ಚಿಕೊಂಡ.

ನಮ್ಮ ಕಡೆ ಮಣ್ಣು ಮಾಡಿದ ಮೂರನೇ ದಿನ ಹಾಲುತುಪ್ಪ ಬಿಡುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು ದೂರ ಸರಿದು ನಿಲ್ಲುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದವರ ಮನಸ್ಸಿಗೆ ತೃಪ್ತಿಯಾಯಿತೆಂದು ಅರ್ಥ. ಮುಟ್ಟದಿದ್ದರೆ ಉಳಿದವರಿಗೆ ಅದೊಂದು ಹೊರೆ. ಊರಿನಲ್ಲಿ ತಮ್ಮ ಮಾಡುವ ದಿನವೇ ತಾನೂ ಇಲ್ಲಿ ಮಾಡಬೇಕೆಂದು ನಾರಾಯಣಸ್ವಾಮಿ ಹಟ ಹಿಡಿದ.

ರೊಪ್ಪೊಂಗಿಯಲ್ಲಿ ಕಾಗೆಗೆ ಬರವಿಲ್ಲ. ಹೋಟೆಲುಗಳ ಕಸದ ಚೀಲ ಸೀಳಿ ತಿಂದು ತಿಂದು ಅವು ನಮ್ಮೂರ ಕೋಳಿಯಷ್ಟು ದಪ್ಪಗಿದ್ದವು. ತೊಂದರೆ ಬೇರೆ ಇತ್ತು. ಅವಕ್ಕೆ ಒಂದು ಅಗುಳು ಹಾಕಿದರೂ ಓಣಿಯವರು ಜಗಳಕ್ಕೆ ಬರುತ್ತಿದ್ದರು. ಅವರೆಲ್ಲರ ಸೇನಾಪತಿಯೆಂದರೆ ಮೂಲೆಯಲ್ಲಿ ಸಿಗರೇಟಿನ ಪುಟ್ಟ ಅಂಗಡಿ ಇಟ್ಟಿದ್ದ ಮುದುಕಿ. ನಾವು ಅವಳನ್ನು ಅಜ್ಜಿ ಎಂದೇ ಕರೆಯುತ್ತಿದ್ದೆವು. ಪ್ರತಿ ಬೆಳಿಗ್ಗೆ ಬಿದಿರಿನ ಪೊರಕೆ ಹಿಡಿದು ಓಣಿಯ ಕಾಗೆಗಳನ್ನೆಲ್ಲ ಓಡಿಸುತ್ತಿದ್ದಳು. ಅವಳ ನೆರಳು ಕಂಡರೆ ಕಾಗೆಗಳು ವಿದ್ಯುತ್ ತಂತಿಯಿಂದ ಇಳಿಯುತ್ತಿರಲಿಲ್ಲ.

ಮೂರನೇ ದಿನ ಬೆಳಗಿನ ಜಾವಕ್ಕೇ ನಾರಾಯಣಸ್ವಾಮಿ ತಲೆ ಬೋಳಿಸಿಕೊಂಡು ಬಂದ. ನಾನು ಊರಿಂದ ಹೊತ್ತು ತಂದಿದ್ದ ರಾಗಿಹಿಟ್ಟಿನಲ್ಲಿ ಮುದ್ದೆ ಮಾಡಿದ. ಒಣ ಅವರೆಬೇಳೆ ಹಾಕಿ ಸಾರು ಮಾಡಿದ. ಒಂದು ಲೋಟದಲ್ಲಿ ಹಾಲು, ಚಮಚದಲ್ಲಿ ತುಪ್ಪ. ತಂದೆಗೆ ಬೀಡಿಯ ಅಭ್ಯಾಸವಿತ್ತು. ಜಪಾನಿನಲ್ಲಿ ಬೀಡಿ ಎಲ್ಲಿಂದ ತರುವುದು? ಅಜ್ಜಿಯ ಅಂಗಡಿಯಿಂದ ತಂದಿದ್ದ ಸಿಗರೇಟೊಂದನ್ನು ಪಕ್ಕದಲ್ಲಿಟ್ಟ. ಓಣಿಯ ಕೊನೆಯ ಮೋಟುಗೋಡೆಯ ಮೇಲೆ ಎಲೆಕೋಸಿನ ದೊಡ್ಡ ಎಲೆ ಹರಡಿ ಎಲ್ಲ ಬಡಿಸಿ ನಾವಿಬ್ಬರೂ ದೂರ ನಿಂತೆವು.

ತಂತಿಯ ಮೇಲೆ ಸಾಲಾಗಿ ಕಾಗೆಗಳು. ನೋಡುತ್ತಿದ್ದವು. ಒಂದೂ ಇಳಿಯಲಿಲ್ಲ.

"ಅಪ್ಪನಿಗೆ ಏನಾದರೂ ಹೇಳು ನಾರಾಯಣ," ಎಂದೆ. ನಮ್ಮಲ್ಲಿ ಹಾಗೆ ಹೇಳಿಸುವುದುಂಟು. ಮಾತು ಕೊಟ್ಟರೆ ಕಾಗೆ ಮುಟ್ಟುತ್ತದೆ ಎನ್ನುತ್ತಾರೆ. "ಊರಿಗೆ ಬಂದುಬಿಡ್ತೀನಿ ಅನ್ನು."

"ಸುಳ್ಳಾಯ್ತದೆ ಅಕ್ಕಾ. ಸದ್ಯಕ್ಕೆ ನಾನು ಓಗಾಕಾಗಲ್ಲ. ಸತ್ತೋರಿಗೆ ಸುಳ್ಳು ಯೋಳಿ ಉಣ್ಣಾಕಿಕ್ಕಬಾರ್ದು." ಆಮೇಲೆ ಗೋಡೆಯ ಕಡೆಗೆ ಎರಡು ಹೆಜ್ಜೆ ಹೋಗಿ, ಮನೆಯೊಳಗಿದ್ದವರನ್ನು ಕೂಗುವಂತೆ ಹೇಳಿದ: "ಅಪ್ಪಾ, ನಾನು ಕುಡ್ಯಾಕೆ ಬಂದಿಲ್ಲಪ್ಪ ಇಲ್ಲಿ. ಒಲೆ ಮುಂದೆ ನಿಂತಿವ್ನಿ. ಅನ್ನ ಬೇಯಿಸ್ತಾ ಇವ್ನಿ, ಅಷ್ಟೇ. ಬಂದು ನೋಡ್ಕೊಂಡ್ ಓಗಪ್ಪ."

ಆ ಕೂಗಿಗೆ ಬಂದದ್ದು ಅಜ್ಜಿ. ಪೊರಕೆ ಎತ್ತಿಕೊಂಡು ರಭಸದಿಂದ ಬಂದವಳು ಎಡೆಯನ್ನು ಕಂಡು, ತಂತಿಯತ್ತ ಕೈಮಾಡಿ, ನಮ್ಮಿಬ್ಬರಿಗೂ ಬೈಯತೊಡಗಿದಳು. ನನಗೆ ಬರುತ್ತಿದ್ದ ಜಪಾನಿ ಭಾಷೆಯಲ್ಲಿ ಬದನೆಕಾಯಿ ಕೊಳ್ಳಬಹುದಿತ್ತು. ಸಾವಿನ ವಿಷಯ ಹೇಳಲು ಅದು ಸಾಲದು. ನಾರಾಯಣಸ್ವಾಮಿಯ ಬೋಳು ತಲೆ ತೋರಿಸಿ, ಆಕಾಶ ತೋರಿಸಿ, "ಒತೋಸಾನ್, ಒತೋಸಾನ್" ಎಂದೆ. ಅವರ ಮಾತಿನಲ್ಲಿ ತಂದೆ ಎಂದು.

ಅಜ್ಜಿಯ ಬಾಯಿ ನಿಂತಿತು. ಅವನ ತಲೆ ನೋಡಿದಳು. ಮುದ್ದೆ ನೋಡಿದಳು. ತನ್ನ ಅಂಗಡಿಯ ಸಿಗರೇಟನ್ನು ಗುರುತಿಸಿದಳೋ ಏನೋ, ಅಲ್ಲಿ ಅವಳ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಹಿಂದಕ್ಕೆ ಹೋದಳು. ಮತ್ತೆ ಬಂದಾಗ ಪೊರಕೆ ಇರಲಿಲ್ಲ, ಕೈಯಲ್ಲಿ ಹೊಗೆಯಾಡುವ ಒಂದು ಊದುಬತ್ತಿಯಿತ್ತು. ಅದನ್ನು ಗೋಡೆಯ ಬಿರುಕಿಗೆ ಸಿಕ್ಕಿಸಿ, ಕೈಮುಗಿದು, ಸೊಂಟ ಬಗ್ಗಿಸಿ ತುಂಬ ಹೊತ್ತು ನಿಂತಳು. ಆಮೇಲೆ ನಮ್ಮಿಬ್ಬರ ತೋಳು ಹಿಡಿದು ತನ್ನ ಅಂಗಡಿಯೊಳಗೆ ಕರೆದೊಯ್ದು ಬಾಗಿಲು ಎಳೆದುಕೊಂಡಳು. ತಾನು ಕಣ್ಣಿಗೆ ಬೀಳುತ್ತಿರುವಷ್ಟು ಹೊತ್ತು ಕಾಗೆ ಇಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಬಾಗಿಲ ಗಾಜಿನಿಂದ ಮೂವರೂ ಇಣುಕಿ ನೋಡಿದೆವು. ಮೊದಲು ಒಂದು ಇಳಿಯಿತು. ಕತ್ತು ಓರೆ ಮಾಡಿ ಮುದ್ದೆಯನ್ನು ನೋಡಿತು. ಕುಕ್ಕಿತು. ನಾರಾಯಣಸ್ವಾಮಿ ಅಂಗಡಿಯ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಮಗುವಿನಂತೆ ಅತ್ತ. ಅಜ್ಜಿ ಅವನ ಬೆನ್ನು ತಟ್ಟುತ್ತಾ ತನ್ನ ಭಾಷೆಯಲ್ಲಿ ಏನೇನೋ ಹೇಳಿದಳು. ಅರ್ಥವಾಗಲಿಲ್ಲ. ಆದರೆ ಅಂಥ ಹೊತ್ತಿನಲ್ಲಿ ನಮ್ಮ ಭಾಷೆಯಲ್ಲಿ ಆಡುವ ಮಾತಿಗಾದರೂ ಅರ್ಥವೆಂಬುದು ಎಷ್ಟಿರುತ್ತದೆ ಹೇಳಿ?

ಮುಂದಿನ ಬೇಸಿಗೆಗೆ ನಾವು ಊರಿಗೆ ಮರಳಿದೆವು. ಒಂದು ಮಧ್ಯಾಹ್ನ ಬಂಗಾರಪೇಟೆಯಿಂದ ಬಸ್ಸು ಹಿಡಿದು ಬೂದಿಕೋಟೆಗೆ ಹೋದೆ. ನಾರಾಯಣಸ್ವಾಮಿಯ ತಾಯಿ ವೆಂಕಟಮ್ಮನವರು ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕುಳಿತಿದ್ದರು. ಕೃಷ್ಣಪ್ಪ ಬಂದು ಮಾತಾಡಿಸಿ, ತಲೆ ಬಗ್ಗಿಸಿಕೊಂಡೇ ಕೊಟ್ಟಿಗೆಗೆ ಹೋದ. ಫೋನಿನಲ್ಲಿ ಕೇಳಿದ್ದಕ್ಕಿಂತ ಬಹಳ ವಯಸ್ಸಾದವನಂತೆ ಕಂಡ.

ನಾನು ನಡೆದದ್ದನ್ನೆಲ್ಲ ಹೇಳಿದೆ. ವೆಂಕಟಮ್ಮನವರ ಕೈ ನಿಂತಿತು.

"ಅಲ್ಲಿ ಕಾಗೆ ಮುಟ್ತಾ ತಾಯಿ? ನಿಜ್ವಾಗ್ಲೂ?"

"ನಾನೇ ನೋಡಿದೆನಮ್ಮ."

"ಇಲ್ಲಿ ಮುಟ್ನೇ ಇಲ್ಲ," ಎಂದರು. "ಒತ್ತು ನೆತ್ತಿಗೆ ಬರೋಗಂಟ ಕಾದ್ವಿ. ಕೃಷ್ಣ ಎಷ್ಟ್ ಕರೆದ, ಎಷ್ಟ್ ಅತ್ತ. ಕೊನೇಗೆ ದನಕ್ಕೆ ಇಟ್ವಿ. ಊರೋರು ಒಬ್ಬೊಬ್ರು ಒಂದೊಂದ್ ಮಾತಾಡಿದ್ರು. ಸಾಯೋ ಕಾಲ್ದಾಗೆ ಮಗ ಸರ್ಯಾಗಿ ನೋಡ್ಕೊಂಡಿಲ್ಲ ಅಂದ್ರು. ಅವತ್ತಿಂದ ಅವ್ನು ಯಾರ್ ಮುಖಾನೂ ನೋಡಿ ಮಾತಾಡಾಕಿಲ್ಲ."

ಒಬ್ಬ ಮಗನ ಸಮಾಧಾನವನ್ನು ಹೊತ್ತು ತಂದು ಇನ್ನೊಬ್ಬನ ಗಾಯದ ಮೇಲೆ ಉಪ್ಪು ಸುರಿದೆನೇನೋ ಎನ್ನಿಸಿತು. ಆದರೆ ವೆಂಕಟಮ್ಮನವರು ಬೇರೇನೋ ಯೋಚಿಸುತ್ತಿದ್ದರು.

"ಅಲ್ಲಿ ಮುಟ್ಟಿದ್ದು ಯಾವೊತ್ನಾಗೆ?"

"ಬೆಳಿಗ್ಗೆ. ಅಲ್ಲಿ ನಮಗಿಂತ ಮುಂಚೆ ಬೆಳಗಾಗುತ್ತೆ ಅಮ್ಮ. ಇಲ್ಲಿ ನೀವಿನ್ನೂ ಎದ್ದಿರಲಿಕ್ಕಿಲ್ಲ."

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ತಳ್ಳಿ ಎದ್ದು ನಿಂತು, ಕೊಟ್ಟಿಗೆಯ ಕಡೆಗೆ ತಿರುಗಿ, ಬೀದಿಗೆಲ್ಲ ಕೇಳುವಂತೆ ಕೂಗಿದರು:

"ಲೇ ಕೃಷ್ಣಾ, ಬಾರ್ಲಾ ಇಲ್ಲಿ! ನಿಂದೇನೂ ತಪ್ಪಿಲ್ಲ ಕಣ್ಲಾ. ಅವತ್ತು ನಿಮ್ಮಪ್ಪ ಊರಾಗೇ ಇರ್ಲಿಲ್ಲ!"