ಕೊನೆಯ ಮನೆಯ ತಟ್ಟು

ಇವತ್ತು ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬಂಗಾರಪೇಟೆಯಲ್ಲಿ ಇದೇನು ದೊಡ್ಡ ಸಂಗತಿಯಲ್ಲ, ರೈಲು ಹೋದರೂ ಲೋಟ ಅಲುಗುತ್ತದೆ. ಆದರೆ ರೈಲಿನ ಸದ್ದು ದೂರದಿಂದ ಬೆಳೆಯುತ್ತಾ ಬರುತ್ತದೆ. ಇದು ಬೆಳೆಯಲಿಲ್ಲ. ನೆಲ ಒಮ್ಮೆ ಬಿಕ್ಕಳಿಸಿ ಸುಮ್ಮನಾದಂತಿತ್ತು. ನನ್ನ ಕೈ ನನ್ನನ್ನು ಕೇಳದೆಯೇ ಪಕ್ಕದ ಗೋಡೆಯನ್ನು ಎರಡು ಸಲ ತಟ್ಟಿತು.

ಗೋಡೆಯ ಆಚೆ ಹೊಸದಾಗಿ ಬಾಡಿಗೆಗೆ ಬಂದ ಗಂಡ ಹೆಂಡತಿ ಇದ್ದಾರೆ. ಗಂಡ ಸ್ಟೇಷನ್ ಹತ್ತಿರ ಗಾಡಿಯಲ್ಲಿ ನೂಡಲ್ಸ್ ಮಾಡುತ್ತಾನೆ. ಬರ್ಮಾ ಗಡಿಯ ಕಡೆಯವರಂತೆ, ಮನೆ ಸುಟ್ಟುಹೋಗಿ ಬಂದವರಂತೆ. ಗಡಿಯ ಈಚೆಯವರೋ ಆಚೆಯವರೋ ಯಾರಿಗೂ ತಿಳಿಯದು. ಮನೆ ಮಾಲೀಕ ಚೆಂಗಲರಾಯಪ್ಪನವರಿಗೆ ಅದೇ ತಲೆನೋವು. "ನೀವು ಓದಿದೋರು ಮೇಡಮ್ಮೋರೆ, ಸ್ವಲ್ಪ ವಿಚಾರ್ಸಿ. ಇಕ್ಕೊಳ್ಳೋದೋ ಕಳ್ಸೋದೋ ನೀವೇ ಏಳಿ" ಎಂದು ಬೆಳಿಗ್ಗೆ ತಾನೇ ಹೇಳಿ ಹೋಗಿದ್ದರು. ನಾನು ಓದಿದ್ದು ಚರಿತ್ರೆ. ಪಕ್ಕದ ಮನೆಯವರ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಗೋಡೆ ಯಾಕೆ ತಟ್ಟಿದೆ ಎಂದು ಹೇಳಬೇಕಾದರೆ ನಿಮ್ಮನ್ನು ನಾನು ಬೆಳೆದ ನಂದಿದುರ್ಗದ ಚಿನ್ನದ ಗಣಿಗೆ ಕರೆದೊಯ್ಯಬೇಕು. ಗಣಿ ಕೆಲಸದವರ ಮನೆಗಳನ್ನು ನಾವು ಲೈನು ಅನ್ನುತ್ತಿದ್ದೆವು. ರೈಲು ಡಬ್ಬಿಗಳ ಹಾಗೆ ಅಂಟಿಕೊಂಡ ಮನೆಗಳು, ನಡುವೆ ಒಂದೇ ತೆಳು ಗೋಡೆ. ಪಕ್ಕದವರು ಒಗ್ಗರಣೆ ಹಾಕಿದರೆ ಸೀನು ನಮಗೆ. ಬಹಳ ಆಳದಲ್ಲಿ ನಮ್ಮ ಅಪ್ಪಂದಿರು ಕಲ್ಲು ಕೊರೆಯುತ್ತಿದ್ದರು. ಒಮ್ಮೊಮ್ಮೆ ಆ ಕಲ್ಲು ತಾನಾಗಿಯೇ ಸಿಡಿಯುತ್ತಿತ್ತು. ಅದನ್ನು ಏರ್‌ಬ್ಲಾಸ್ಟ್ ಅನ್ನುತ್ತಿದ್ದರು. ಮೇಲೆ ಮನೆಗಳು ನಡುಗುತ್ತಿದ್ದವು. ನಡುಕ ನಿಂತೊಡನೆ ಮೊದಲ ಮನೆಯ ಪಾಪಮ್ಮ ತನ್ನ ಗೋಡೆ ತಟ್ಟುವಳು. ಅದನ್ನು ಕೇಳಿದ ಪಕ್ಕದವರು ತಮ್ಮ ಆಚೆಯ ಗೋಡೆ ತಟ್ಟುವರು. ತಟ್ಟು ಹೀಗೆ ಕೊನೆಯ ಮನೆ ಮುಟ್ಟಿ ಹಿಂದಿರುಗಬೇಕು. ಹಿಂದಿರುಗಿದರೆ ಲೈನು ಕ್ಷೇಮ. ಎಲ್ಲಿ ನಿಂತಿತೋ ಆ ಮನೆಗೆ ಓಡಬೇಕು. ಆಮೇಲೆ ಹೆಂಗಸರೆಲ್ಲ ಗಣಿಯ ಬಾಗಿಲಿಗೆ ಹೊರಡುವರು.

ನಮ್ಮದು ಕೊನೆಯ ಮನೆಗೆ ತಾಗಿದ ಮನೆ. ಕೊನೆಯ ಮನೆಯಲ್ಲಿ ಒಬ್ಬ ಮುದುಕ ಇದ್ದ. ಸಿಲೋನಿನ ಗಲಭೆಯಲ್ಲಿ ಎಲ್ಲ ಕಳೆದುಕೊಂಡ ಅವನ ಸೋದರಸೊಸೆ ಒಂದು ದಿನ ಬರಿಗೈಯಲ್ಲಿ ಬಂದಿಳಿದಳು. ನಮ್ಮ ತಾತ ಬೇತಮಂಗಲದ ಕಡೆಯವರು, ಪಾಪಮ್ಮನವರು ಚಿತ್ತೂರಿನ ಕಡೆಯವರು, ಮಿಕ್ಕವರು ಆರ್ಕಾಟಿನವರು. ಎಲ್ಲರೂ ಹೊಟ್ಟೆಪಾಡಿಗೆ ಬಂದವರೇ. ಮೂರು ಭಾಷೆಯಲ್ಲಿ ಜಗಳವಾಡುತ್ತಿದ್ದ ಆ ಲೈನು, ಅವಳು ಬಂದ ದಿನ ಒಟ್ಟಾಗಿ ಈ ಊರಿನದಾಯಿತು. ನಾವೆಲ್ಲ ಇಲ್ಲಿಯವರು, ಅವಳೊಬ್ಬಳು ಸಿಲೋನಕ್ಕ.

ಅವಳು ಬಂದ ವಾರದಲ್ಲೇ ನೆಲ ನಡುಗಿತು. ತಟ್ಟು ಕೊನೆಯ ಮನೆಗೆ ಹೋಗಿ ನಿಂತುಬಿಟ್ಟಿತು. ಓಡಿ ನೋಡಿದರೆ ಮುದುಕ ಹೊರಗೆ ಹೋಗಿದ್ದ, ಸಿಲೋನಕ್ಕ ಮಂಚದ ಕೆಳಗೆ ಕಿವಿ ಮುಚ್ಚಿಕೊಂಡು ಮಲಗಿದ್ದಳು. ಬಾಂಬು ಬಿತ್ತು ಅಂದುಕೊಂಡಿದ್ದಳು.

"ಬೇರೆ ದೇಶದೋಳ್ನ ಕೊನೇ ಮನೇಲಿ ಇಕ್ಕೊಂಡ್ರೆ ಇಂಗೇ ಆಗೋದು. ಸಿಲೋನಿನೋರ ಕ್ಯಾಂಪಿಗೆ ಕಳ್ಸಿ" ಎಂದಳು ಪಾಪಮ್ಮ.

"ನೀನು ಬಂದ ಹೊಸದ್ರಲ್ಲಿ ಗಣಿ ಸೈರನ್ನು ಊದಿದ್ರೆ ದೆವ್ವ ಅಂತ ಕೋಳಿ ಕುಯ್ದಿದ್ದೆ ತಾನೆ ಪಾಪಮ್ಮಕ್ಕ?" ಎಂದಳು ನಮ್ಮಮ್ಮ.

"ಅದು ನಮ್ಮತ್ತೆ ಮಾತು ಕೇಳಿ. ಆದ್ರೆ ಇದು ಲೈನಿನ ಪ್ರಾಣ. ಇನ್ನೊಂದು ಸಲ ತಟ್ಟು ವಾಪಸ್ ಬರ್ದಿದ್ರೆ ಕಳ್ಸೋದೇ."

ಅಮ್ಮ ಸಿಲೋನಕ್ಕನ ಕೈ ಹಿಡಿದು ಗೋಡೆ ತಟ್ಟುವುದನ್ನು ಕಲಿಸಿದಳು. ಅವಳ ಕೈ ಗೋಡೆಗೆ ತಾಗುವ ಮೊದಲೇ ಹಿಂದೆ ಸರಿಯುತ್ತಿತ್ತು.

ಮುಂದಿನ ನಡುಕ ಬಂದದ್ದು ಒಂದು ಮಧ್ಯಾಹ್ನ. ಪಾಪಮ್ಮನ ತಟ್ಟು ಮನೆಯಿಂದ ಮನೆಗೆ ದಾಟಿ ನಮ್ಮ ಮನೆಗೆ ಬಂತು. ಅಮ್ಮ ಕೊನೆಯ ಗೋಡೆ ತಟ್ಟಿ ಕಿವಿಗೊಟ್ಟು ನಿಂತಳು. ಆಚೆಯಿಂದ ಏನೂ ಇಲ್ಲ. ಆಮೇಲೆ ಎರಡು ತಟ್ಟು ಬಂತು. ಮೆತ್ತಗೆ, ಒದ್ದೆ ಕೈಯಿಂದ ತಟ್ಟಿದ ಹಾಗೆ. ಅಮ್ಮ ನಗುತ್ತಾ ಅದನ್ನು ಈಚೆಗೆ ಸಾಗಿಸಿದಳು.

"ಕಲ್ತವ್ಳೆ ಬಿಡು" ಎಂದು ಮೆಚ್ಚಿಕೊಂಡೇ ಪಾಪಮ್ಮ ನಮ್ಮ ಬಾಗಿಲಿಗೆ ಬಂದಳು. ಬಂದವಳು ಕೊನೆಯ ಮನೆಯ ಕಡೆ ಕೈ ತೋರಿಸಿದಳು. ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿತ್ತು.

ಮುದುಕ ಮತ್ತು ಸಿಲೋನಕ್ಕ ಬೆಳಿಗ್ಗೆಯೇ ಬಂಗಾರಪೇಟೆಗೆ ಹೋಗಿದ್ದರು. ಸಂಜೆಯ ರೈಲಿಗೆ ಬಂದು ನಮ್ಮೆಲ್ಲರ ಕಣ್ಣೆದುರೇ ಬೀಗ ತೆಗೆದರು. ಒಳಗೆ ಯಾರೂ ಇರಲಿಲ್ಲ. ಅಮ್ಮ ಆದದ್ದನ್ನು ಹೇಳಿದಳು. ಸಿಲೋನಕ್ಕ ಹೆದರಲಿಲ್ಲ. ಹೊಸ್ತಿಲ ಮೇಲೆ ಕೂತು, ಮಗುವಿಗೆ ಹೇಳುವಂತೆ ನಿಧಾನವಾಗಿ ಹೇಳಿದಳು: "ದೋಣಿಯಲ್ಲಿ ನಾವು ಮೂವರು ಇದ್ವಿ. ಅಮ್ಮ, ತಂಗಚ್ಚಿ, ನಾನು. ಇಳಿದದ್ದು ನಾನು ಮಾತ್ರ. ಅವರು ಈಗ ಬಂದು ಸೇರಿದ್ದಾರೆ ಅಕ್ಕಾ."

ಪಾಪಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಅಂದಳು: "ಯಾರಾದ್ರೇನು ಬಿಡಕ್ಕ. ತಟ್ಟಿದ್ರು ತಾನೆ."

ಅವಳನ್ನು ಕಳಿಸುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಇದು ಒಪ್ಪಿಕೊಂಡದ್ದೋ ಭಯವೋ, ನನಗೆ ಇವತ್ತಿಗೂ ತಿಳಿಯದು. ಗಣಿ ಮುಚ್ಚಿ ಲೈನು ಅರ್ಧ ಖಾಲಿಯಾದ ಮೇಲೂ ಅವಳು ಅಲ್ಲೇ ಉಳಿದಳು, ಅಲ್ಲೇ ಸತ್ತಳು. ನೀರು ತುಂಬಿದ ಗಣಿ ಈಗಲೂ ಒಮ್ಮೊಮ್ಮೆ ಒಳಗೇ ಸಿಡಿಯುತ್ತದೆ ಎನ್ನುತ್ತಾರೆ.

ಇಷ್ಟನ್ನೂ ಕಣ್ಣಾರೆ ಕಂಡವಳಂತೆ ಬರೆದಿದ್ದೇನೆ. ನನ್ನಕ್ಕನನ್ನು ಕೇಳಿದರೆ, "ಲೇ, ನೀನು ಆವತ್ತು ಬೇತಮಂಗಲದಲ್ಲಿ ಅಜ್ಜಿ ಮನೇಲಿದ್ದೆ ಕಣೇ" ಅನ್ನುತ್ತಾಳೆ. ಇರಬಹುದು. ಹಾಗಾದರೆ ಆ ಒದ್ದೆ ಕೈಯ ಸದ್ದು ನನ್ನ ಕಿವಿಗೆ ಬಂದದ್ದು ಎಲ್ಲಿಂದ?

ಇವತ್ತು ನಾನು ತಟ್ಟಿದ ಮೇಲೂ ಆಚೆ ಏನೂ ಇರಲಿಲ್ಲ. ಈ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ನನ್ನನ್ನೇ ಬೈದುಕೊಂಡು ಎದ್ದೆ. ಆಗ ಗೋಡೆಯ ಒಳಗಿನಿಂದ ಎರಡು ತಟ್ಟು ಬಂತು. ಮೆತ್ತಗೆ. ಮನಸ್ಸು ಹಗುರಾಯಿತು. ಪಾಪ, ಯಾವ ಊರಿನವರೋ, ಉತ್ತರ ಕೊಡುವುದನ್ನು ಬಲ್ಲರು ಎಂದುಕೊಳ್ಳುತ್ತಾ ಕಿಟಕಿಯ ಬಳಿ ಬಂದೆ. ಕೆಳಗೆ ಬೀದಿಯಲ್ಲಿ ಗಂಡ ಹೆಂಡತಿ ತರಕಾರಿ ಚೀಲ ಹಿಡಿದು ಬರುತ್ತಿದ್ದರು. ಮೆಟ್ಟಿಲು ಹತ್ತಿ, ನನ್ನನ್ನು ನೋಡಿ ನಕ್ಕು, ತಮ್ಮ ಬಾಗಿಲಿನ ಬೀಗ ತೆಗೆದರು.

ಸಂಜೆ ಚೆಂಗಲರಾಯಪ್ಪನವರು ಬಂದರು. "ವಿಚಾರ್ಸಿದ್ರಾ ಮೇಡಮ್ಮೋರೆ? ಎಷ್ಟು ಜನ ಅವ್ರೆ ಒಳಗೆ?"

ಇಬ್ಬರು ಅನ್ನಲು ಬಾಯಿ ತೆರೆದೆ. ಗೋಡೆಯ ಆಚೆ ಈರುಳ್ಳಿ ಹೆಚ್ಚುವ ಸದ್ದು ಕೇಳುತ್ತಿತ್ತು.

"ಇರ್ಲಿ ಬಿಡಿ ಯಜಮಾನ್ರೆ" ಎಂದೆ. "ಎಲ್ಲಾ ಬಂದವ್ರೆ."