ಹಾಡಿಕೊಂಡು ಮಾತಾಡಿದ ಕಾಡವ್ವ

ದೊಡವಾಡದ ಕಾಡವ್ವ ದನಿ ಏರಿಸಿದ್ದನ್ನು ಕೇಳಿದವರು ಊರಲ್ಲಿ ಯಾರೂ ಇರಲಿಲ್ಲ. ಕೌದಿ ಹೊಲಿಯುವುದು ಅವಳ ಕಸುಬು. ಹಳೇ ಸೀರೆ, ಧೋತರ ತಂದುಕೊಟ್ಟರೆ ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ಚೂರು ಕೂಡಿಸಿ, ಅಂಚಿನಿಂದ ನಡುವಿಗೆ ಸಾಲುಸಾಲು ಹೊಲಿಗೆ ಹಾಕುತ್ತ ಬರುತ್ತಿದ್ದಳು. ಎಮ್ಮೆ ಒದ್ದರೂ "ಹಂಗ ಮಾಡಬಾರದಬೇ ಯವ್ವಾ" ಅನ್ನುವಷ್ಟೇ ಅವಳ ಸಿಟ್ಟು. ರಸ್ತೆ ರಿಪೇರಿ ಗ್ಯಾಂಗಿನಲ್ಲಿದ್ದ ಗಂಡ ಹನುಮಪ್ಪನದು ಇದಕ್ಕೆ ತದ್ವಿರುದ್ಧ. ಅವನು ಗುಟ್ಟು ಹೇಳಿದರೆ ಮೂರನೇ ಮನೆಯವರು ಉತ್ತರ ಕೊಡುತ್ತಿದ್ದರು.

ಎಪ್ಪತ್ತನಾಲ್ಕರ ಚಳಿಗಾಲ. ಒಂದು ಮುಂಜಾನೆ ಹೊಲಿಯುತ್ತ ಕೂತಾಗ ಕಾಡವ್ವನ ಕೈಯಿಂದ ಸೂಜಿ ಜಾರಿತು. ಎತ್ತಿಕೊಳ್ಳಲು ಹೋದರೆ ಬಲಗೈ ಬೇರೆ ಯಾರದೋ ಎಂಬಂತೆ ತೊಡೆಯ ಮೇಲೆ ಬಿದ್ದಿತ್ತು. ಮಗ್ಗುಲ ಮನೆಯ ಗೆಳತಿ ಕೆಂಪವ್ವನನ್ನು ಕರೆಯಬೇಕೆಂದರೆ ಬಾಯಿ ಸೊಟ್ಟಗಾಗಿ ದನಿ ಹೊರಡಲಿಲ್ಲ. ಹತ್ತಿ ಹೇರಿಕೊಂಡು ಬೈಲಹೊಂಗಲಕ್ಕೆ ಹೊರಟಿದ್ದ ಲಾರಿಯನ್ನು ಹನುಮಪ್ಪ ಅಡ್ಡಗಟ್ಟಿ ನಿಲ್ಲಿಸಿ ಅವಳನ್ನು ದವಾಖಾನೆಗೆ ಒಯ್ದ.

"ಲಕ್ವಾ ಹೊಡದೈತಿ," ಎಂದರು ಡಾಕ್ಟರು. "ಜೀವಕ್ಕ ಅಂಜಿಕಿಲ್ಲ. ಆದ್ರ ಮನಿಗೆ ಹೋದಮ್ಯಾಲೆ ಸುಮ್ಮನ ಮಲಗಸಬ್ಯಾಡ್ರಿ. ಕೈಕಾಲು ಆಡಸ್ರಿ. ಮಾತಾಡಸ್ರಿ."

ಮಾತಾಡಿಸಲು ಊರೇ ಬಂತು. ಒಬ್ಬರು ಎಣ್ಣೆ ತಂದು ಕಾಲು ತಿಕ್ಕಿದರು, ಇನ್ನೊಬ್ಬರು ಜುಣಕ ತಂದು ತಿನ್ನಿಸಿದರು. ಕಾಡವ್ವ ಎಲ್ಲರನ್ನೂ ನೋಡುವಳು, ಎಲ್ಲವೂ ತಿಳಿಯುವುದು, ತುಟಿ ಮಾತ್ರ ಏಳದು. ನಿವೃತ್ತರಾಗಿದ್ದ ಬಸಯ್ಯ ಮಾಸ್ತರು ಬಂದು ಹಾಸಿಗೆಯ ಪಕ್ಕ ಕೂತು, "ಹೆಂಗದಿಯವಾ ತಂಗೀ?" ಎಂದು ಮೆಲ್ಲಗೆ ಕೇಳಿದರು. ಕಾಡವ್ವ ಕತ್ತಿನ ನರ ಉಬ್ಬುವಂತೆ ಕಷ್ಟಪಟ್ಟು ಬಾಯಿ ತೆರೆದಳು.

"ಭಾಡ್ಯಾ!"

ಕಾಡವ್ವನ ಕಣ್ಣು ಗಾಬರಿಯಿಂದ ಅಗಲವಾದವು. ತಪ್ಪಾಯಿತು ಅನ್ನಲು ಮತ್ತೆ ಬಾಯಿ ತೆರೆದಳು. "ಭಾಡ್ಯಾ! ಭಾಡ್ಯಾ!"

ಮಾಸ್ತರು ಟೊಪ್ಪಿಗೆ ತೆಗೆದರು, ತಲೆ ಕೆರೆದುಕೊಂಡರು, ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. "ಸಾಲ್ಯಾಗ ಇಷ್ಟ ಮಂದಿಗೆ ನಾ ಬೈದೇನಿ. ನನಗ ಹಿಂಗ ಎದರಾಎದರ ಬೈದಾಕಿ ನೀನಽ ಮೊದಲನೇಕಿ!"

ಸುದ್ದಿ ಹಬ್ಬಿತು. ಮರುದಿನದಿಂದ ಬೈಸಿಕೊಳ್ಳಲೆಂದೇ ಜನ ಬರತೊಡಗಿದರು. ಪಂಚಾಯಿತಿ ಮೆಂಬರ್ ಬಂದು ಬೈಸಿಕೊಂಡು ಹೋದ. ಆದರೆ ಒಂದು ಸಂಜೆ ನಗುವಿನ ನಡುವೆ ಕಾಡವ್ವ ಗೋಡೆ ಕಡೆ ಮುಖ ತಿರುಗಿಸಿ ಅತ್ತಳು. ಕೆಂಪವ್ವ ಸೆರಗು ಸಿಕ್ಕಿಸಿ ಎದ್ದು ನಿಂತಳು.

"ಆಕಿ ನಕ್ಕರಷ್ಟ ನೀವು ನಗ್ರಿ. ಇಲ್ಲಾಂದ್ರ ನಿಮ್ಮನಿ ಹಾದಿ ಹಿಡೀರಿ."

ಊರಿಗೆ ಹಿಟ್ಟಿನ ಗಿರಣಿ ಬಂದಮೇಲೆ ಬೀಸುವ ಕಲ್ಲು ಹನುಮಪ್ಪನ ಮನೆ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಕೈ ಆಡಿಸಲು ಅದೇ ಸರಿ ಎಂದು ಕೆಂಪವ್ವ ಅದನ್ನು ಎಳೆದು ತಂದಳು. ಕಾಡವ್ವನನ್ನು ಗೋಡೆಗೆ ಒರಗಿಸಿ ಕೂಡಿಸಿ, ಅವಳ ಬಲಗೈಯನ್ನು ಕಲ್ಲಿನ ಗೂಟಕ್ಕೆ ಇಟ್ಟು, ಮೇಲೆ ತನ್ನ ಕೈ ಬಿಗಿದು ತಿರುಗಿಸಿದಳು. ಕಲ್ಲು ತಿರುಗಿದರೆ ಕೆಂಪವ್ವನ ಬಾಯಿ ಸುಮ್ಮನಿರುವುದುಂಟೆ?

"ಬೀಸ್ತೇವ ಜ್ವಾಳಾ, ಬೆಳ್ಳನ್ನ ಹಿಟ್ಟಾಗಲಿ…" ಎಂದು ಹಾಡಿದಳು. ಹಿಟ್ಟು ಮೂಗಿಗೇರಿ ಸೀನು ಬಂದು ನಿಂತಳು.

"…ಉಂಡವರ ಹೊಟ್ಟಿ ತಂಪಾಗಲಿ."

ಹಾಡಿ ಮುಗಿಸಿದವಳು ಕಾಡವ್ವ!

"ಏನಂದಿ? ಮತ್ತೊಮ್ಮೆ ಅನ್ನಬೇ!"

"ಭಾಡ್ಯಾ."

"ಅಲ್ಲ, ಹಾಡು! ನೀರ ಬೇಕಂತ ಹಾಡಿ ಕೇಳು!"

ಕಾಡವ್ವ ಕಲ್ಲಿನ ಕಡೆ ನೋಡುತ್ತ ಅದೇ ಧಾಟಿಯಲ್ಲಿ ತಡವರಿಸಿದಳು: "ನೀರಾ… ತಾರ ಕೆಂಪೀ… ಗಂಟಲಾ ಒಣಗೈತಿ…"

ಕೆಂಪವ್ವ ನೀರು ತರುವುದನ್ನು ಬಿಟ್ಟು ಓಣಿಗೆ ಓಡಿದಳು. ಹೆಂಗಸರು ಹಿಟ್ಟಿನ ಕೈಯಲ್ಲೇ ಬಂದರು. ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕೆಂದು ಹೊಸ ಮದುವಣಗಿತ್ತಿಗೆ ಗಂಟುಬೀಳುವ ಹಾಗೆ ಗಂಟುಬಿದ್ದರು. ಬಾಗಿಲಲ್ಲಿ ಹನುಮಪ್ಪ ಸಲಿಕೆ ಹಿಡಿದು ನಿಂತಿದ್ದ. ಕೋಟೆಯ ಊರು ತೊರಗಲ್ಲು ತವರಾದ ಕಾಡವ್ವ ಅವನನ್ನು ನೋಡಿ, ಸೊಟ್ಟ ತುಟಿಯಲ್ಲೇ ನಾಚಿ ರಾಗ ಎತ್ತಿದಳು:

"ತೊರಗಲ್ಲ ಕ್ವಾಟಿಮ್ಯಾಲ ಬೀಸತೈತಿ ಗಾಳಿ,
ಹನುಮಪ್ಪನ ಹೆಸರ ಹೇಳತೇನಿ ಕೇಳಿ!"

ಹನುಮಪ್ಪನ ಕೈಯಿಂದ ಸಲಿಕೆ ಬಿತ್ತು. ಹೆಂಗಸರು ಚಪ್ಪಾಳೆ ಹೊಡೆದು, ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಕಾಡವ್ವ.

ಅಂದಿನಿಂದ ಆ ಮನೆಯಲ್ಲಿ ಎಲ್ಲವೂ ಹಾಡು. ಉಪ್ಪು ಕಡಿಮೆಯಾದರೆ ಹಾಡು, ಎಮ್ಮೆ ಹಗ್ಗ ಹರಿದರೆ ಹಾಡು. ಓಣಿಯವರೂ ಹಾಡಿಯೇ ಉತ್ತರಿಸುವರು. ಕಲ್ಲು ಎಷ್ಟು ತಿರುಗಿತೆಂದರೆ ಸುತ್ತಲಿನ ಮನೆಗಳವರು ಗಿರಣಿಗೆ ಹೋಗುವುದನ್ನೇ ಬಿಟ್ಟರು. ಗೋಡೆ ಹಿಡಿದು, ಕೆಂಪವ್ವನ ಭುಜ ಹಿಡಿದು, ಆಮೇಲೆ ಬರೀ ಕೋಲು ಹಿಡಿದು ಕಾಡವ್ವ ಅಂಗಳಕ್ಕೆ ಬಂದಳು.

ಯುಗಾದಿ ಕಳೆದು ಗಂಡಹೆಂಡತಿ ಡಾಕ್ಟರಿಗೆ ತೋರಿಸಲು ಬೈಲಹೊಂಗಲಕ್ಕೆ ಹೋದರು. "ಹೆಂಗಿದ್ದೀರಿ?" ಎಂದದ್ದಕ್ಕೆ ಅವಳು ಎರಡು ನುಡಿ ಹಾಡಿದಳು. ಡಾಕ್ಟರು ಸೂಜಿಗೆ ಅಂಜಿ ಹೊರಗೆ ಕೂತಿದ್ದವರನ್ನೆಲ್ಲ ಒಳಗೆ ಕರೆದು ಇನ್ನೊಮ್ಮೆ ಹಾಡಿಸಿದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಹನುಮಪ್ಪ ಟಿಕೇಟಿಗೆ ಬಾಯಿ ತೆರೆಯುವ ಮೊದಲೇ ಕಾಡವ್ವ ಕೈ ತೋರಿಸಿ ತಡೆದಳು.

"ದೊಡವಾಡಕ ಎರಡ ಟಿಕೀಟ ಹರಿಯೋ ನನ ತಮ್ಮಾ,
ಚಿಲ್ಲರಿ ಇಲ್ಲಂತ ಗೊಣಗಬ್ಯಾಡೋ ತಮ್ಮಾ!"

ಕಂಡಕ್ಟರ್ ಚೀಲ ತಟ್ಟುತ್ತ, "ಚಿಲ್ಲರಿ ಐತಿ ಅಕ್ಕಾ, ಸೀಟ ಇಲ್ಲ ಅಕ್ಕಾ!" ಎಂದು ರಾಗ ಎಳೆದ. ನಾಲ್ಕು ಜನ ಎದ್ದು ಸೀಟು ಕೊಟ್ಟರು. ಕೋಳಿ ಬುಟ್ಟಿಯ ಮುದುಕಿ ತಾಳ ಹಾಕಿದಳು. ಹಿಂದಿನ ಸೀಟಿನವರು ಪಲ್ಲವಿ ಹಿಡಿದರು, ಡ್ರೈವರ್ ಹಾರ್ನ್ ಒತ್ತಿದ. ಆ ಗದ್ದಲದಲ್ಲಿ ಕಂಡಕ್ಟರ್ ಸೀಟಿ ಊದುವುದನ್ನೇ ಮರೆತ, ಬಸ್ಸು ದೊಡವಾಡ ದಾಟಿ ಜೋಳದ ಹೊಲಗಳ ನಡುವೆ ಬಂದು ನಿಂತಿತು.

ಇಳಿದರು. ಬಸ್ಸು ಹಾಡುತ್ತಲೇ ಧಾರವಾಡದ ಕಡೆ ಹೋಯಿತು.

"ಹೊತಗೊಂಡ ಹೋಗತೇನಿ, ಬೆನ್ನ ಏರು," ಎಂದ ಹನುಮಪ್ಪ. ಕಾಡವ್ವ ತಲೆಯಾಡಿಸಿ ಕೋಲೂರಿ ಹೊರಟಳು. ಲಕ್ವಾ ಹೊಡೆದ ಮೇಲೆ ಅಷ್ಟು ದೂರ ಅವಳು ನಡೆದೇ ಇರಲಿಲ್ಲ. ನಡೆದಳು, ನಗು ಬಂದಾಗ ನಿಂತಳು, ಮತ್ತೆ ನಡೆದಳು. ಹುರುಪು ತುಂಬಲು ಹನುಮಪ್ಪನೂ ಹಾಡಲು ಶುರುಮಾಡಿದ. ಹೊಲದಲ್ಲಿದ್ದ ಕೊಕ್ಕರೆಗಳು ಎದ್ದು ಹಾರಿದವು. ಕಟ್ಟಿದ ಎತ್ತೊಂದು ಹಗ್ಗ ಜಗ್ಗಿತು.

"ಸಾಕು ಮಾಡ್ರೀ. ಹಾಡಬ್ಯಾಡ್ರಿ ನೀವು."

ಇಬ್ಬರೂ ನಿಂತರು. ಆ ಮಾತಿಗೆ ರಾಗ ಇರಲಿಲ್ಲ.

"ಏನಂದಿ?"

"ಹಾಡಬ್ಯಾಡ್ರಿ ಅಂದ್ನಿ," ಎಂದಳು ಕಾಡವ್ವ, ತಾನೇ ಬೆರಗಾಗಿ. ಹನುಮಪ್ಪ ಧೋತರ ಎತ್ತಿ ನಡುರಸ್ತೆಯಲ್ಲಿ ಕುಣಿದ.

ಮಾತು ಮುಂದೆ ಒಂದೊಂದಾಗಿ ಬಂತು, ಕೆಲವು ಬರಲೇ ಇಲ್ಲ. ಬಲಗೈಯ ಬೆರಳು ಪೂರ್ತಿ ಬಿಚ್ಚಲಿಲ್ಲ. ಮಳೆಗಾಲದ ಹೊತ್ತಿಗೆ ಅವಳು ಎಡಗೈಯಲ್ಲಿ ಸೂಜಿ ಹಿಡಿದು, ಕೆಂಪವ್ವ ಹಾಸಿಕೊಟ್ಟ ಕೌದಿಯ ಅಂಚಿಗೆ ಹೊಲಿಗೆ ಹಾಕುತ್ತ ಕೂತಿದ್ದಳು. ಸಾಲು ಒಂದಿಷ್ಟು ಅಂಕುಡೊಂಕಾಗಿತ್ತು. "ಇರಲಿ ಬಿಡ," ಎಂದು ಮುಂದಿನ ಸಾಲು ಹಿಡಿದಳು.